ಸಾಂತೊ ತೊಮಾಸ್: ಒಣ ಕಣಿವೆಯ ಹಿರಿಯ ವೈನರಿ

ವರ್ಷಕ್ಕೆ ಹತ್ತು ಅಂಗುಲ ಮಳೆ. ಅದೂ ಚಳಿಗಾಲದ ನಾಲ್ಕೈದು ತಿಂಗಳಲ್ಲಿ ಬಂದು ಹೋಗುವ ಮಳೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆಕಾಶದಿಂದ ಹನಿ ಬಿದ್ದರೆ ಅದು ಸುದ್ದಿ. ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಚಳ್ಳಕೆರೆ ಸೀಮೆಗೂ ಇದರ ಹೆಚ್ಚುಕಡಿಮೆ ಎರಡರಷ್ಟು ಬೀಳುತ್ತದೆ. ಮೆಕ್ಸಿಕೊ ದೇಶದ ವಾಯವ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರಕ್ಕೆ ಮೈಯೊಡ್ಡಿ ನಿಂತಿರುವ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿ ಇಂಥ ನೆಲ. ಎದುರಿಗೆ ಅಪಾರ ನೀರು, ಕಾಲಡಿಯಲ್ಲಿ ಬಿರುಕು ಬಿಟ್ಟ ಮಣ್ಣು. ಈ ನೆಲದಲ್ಲಿ 1888ರಲ್ಲಿ ಹುಟ್ಟಿ, ಅನೇಕ ಸಲ ಕೈ ಬದಲಾಯಿಸಿಕೊಂಡು, ಇಂದಿಗೂ ವೈನ್ ತಯಾರಿಸುತ್ತಿರುವ ಸಂಸ್ಥೆ ಬೊದೆಗಾಸ್ ದೆ ಸಾಂತೊ ತೊಮಾಸ್. ಬೊದೆಗಾ ಎಂದರೆ ಸ್ಪ್ಯಾನಿಷ್‌ನಲ್ಲಿ ಉಗ್ರಾಣ. ವೈನ್ ತಯಾರಿಸಿ ಕಾಪಿಡುವ ಜಾಗಕ್ಕೂ ಅದೇ ಹೆಸರು.

ನಮ್ಮ ದ್ರಾಕ್ಷಿ ಬೆಳೆಗಾರರ ಕೈ ಸೇರಲಿರುವ ಸ್ಮರಣ ಸಂಚಿಕೆಯಲ್ಲಿ ಅಷ್ಟು ದೂರದ ವೈನರಿಯ ಚರಿತ್ರೆ ಏಕೆ ಎಂದು ಯಾರಾದರೂ ಕೇಳಬಹುದು. ಸಾಂತೊ ತೊಮಾಸ್ ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ, 1988ರಲ್ಲಿ, ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ತಮ್ಮ ವೈನರಿ ಕಟ್ಟಿದರು. ಅಲ್ಲಿಂದ ಎಣಿಸಿದರೆ ನಮ್ಮ ಕರ್ನಾಟಕದ ವೈನ್ ಉದ್ಯಮಕ್ಕೆ ಇನ್ನೂ ಎಳೆವಯಸ್ಸು. ನಮಗಿಂತ ನೂರು ವರ್ಷ ಮೊದಲು, ನಮಗಿಂತ ಕಡಿಮೆ ನೀರಿನಲ್ಲಿ ಇದೇ ಕೆಲಸಕ್ಕೆ ಇಳಿದವರು ಏನೇನು ಎದುರಿಸಿದರು, ಹೇಗೆ ಉಳಿದರು ಎನ್ನುವುದು ನಮ್ಮವರು ತಿಳಿದಿರಬೇಕಾದ ಸಂಗತಿ.

ಕಥೆ ವೈನರಿಗಿಂತ ಹಿಂದೆ ಶುರುವಾಗುತ್ತದೆ. ಬಾಹಾ ಕ್ಯಾಲಿಫೋರ್ನಿಯಾ ಉದ್ದನೆಯ, ಬತ್ತಿದ ಪರ್ಯಾಯ ದ್ವೀಪ. 1697ರಲ್ಲಿ ಜೆಸ್ಯೂಟ್ ಪಾದ್ರಿಗಳು ಅದರ ದಕ್ಷಿಣ ಭಾಗದ ಲೊರೆತೊದಲ್ಲಿ ಮೊದಲ ಮಿಶನ್ ಸ್ಥಾಪಿಸಿದರು. ಚರ್ಚಿನ ಪೂಜೆಗೆ ವೈನ್ ಇಲ್ಲದೆ ನಡೆಯದು. ಹಡಗಿನಲ್ಲಿ ತರಿಸಿದ್ದು ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ನೀರಿನ ಸೆಲೆ ಕಂಡಲ್ಲೆಲ್ಲ ಪಾದ್ರಿಗಳು ಬಳ್ಳಿ ನೆಟ್ಟರು. ಜೆಸ್ಯೂಟರನ್ನು ಸ್ಪೇನಿನ ದೊರೆ ಹೊರಹಾಕಿದ ಮೇಲೆ ಫ್ರಾನ್ಸಿಸ್ಕನ್ನರು ಬಂದರು, 1773ರಲ್ಲಿ ಅವರ ಜಾಗಕ್ಕೆ ಡೊಮಿನಿಕನ್ನರು ಬಂದರು. ಡೊಮಿನಿಕನ್ ಪಾದ್ರಿ ಹೊಸೆ ಲೊರಿಯೆಂತೆ 1791ರಲ್ಲಿ, ಇಂದಿನ ಎನ್ಸೆನಾಡಾ ಬಂದರು ಪಟ್ಟಣಕ್ಕೆ ದಕ್ಷಿಣದ ಕಣಿವೆಯಲ್ಲಿ, ಸಾಂತೊ ತೊಮಾಸ್ ದೆ ಅಕಿನೊ ಮಿಶನ್ ಕಟ್ಟಿದರು. ಮೊದಲು ಆರಿಸಿದ ಜಾಗ ಸರಿಹೋಗದೆ ಮಿಶನ್ನನ್ನು ಕಣಿವೆಯ ಮೇಲ್ಭಾಗಕ್ಕೆ ಸರಿಸಬೇಕಾಯಿತು. ಅಲ್ಲಿ ದ್ರಾಕ್ಷಿ ಬಂತು, ಆಲಿವ್ ಮರ ಬಂತು.

ಆ ಬಳ್ಳಿಗಳಿಗೆ ನೀರು ಹೊತ್ತವರು ಅಲ್ಲಿನ ಮೂಲನಿವಾಸಿಗಳು. ಕುಮಿಯಾಯ್, ಪೈಪೈ ಮೊದಲಾದ ಜನ ಓಕ್ ಕಾಯಿ, ಕಡಲ ಚಿಪ್ಪುಮೀನು, ಬೇಟೆಗಳನ್ನು ನಂಬಿ ಋತುಮಾನಕ್ಕೆ ತಕ್ಕಂತೆ ಸಂಚರಿಸಿ ಬದುಕುತ್ತಿದ್ದವರು. ಮಿಶನ್ ಅವರನ್ನು ಒಂದೆಡೆ ಕೂಡಿಸಿ ದುಡಿಮೆಗೆ ಹಚ್ಚಿತು; ಹೊರಗಿನಿಂದ ಬಂದ ರೋಗಗಳು ಅವರನ್ನು ಗುಂಪುಗುಂಪಾಗಿ ಕೊಂದವು. 1803ರಲ್ಲಿ ಸಾಂತೊ ತೊಮಾಸ್‌ನ ಪಾದ್ರಿ ಎವುದಾಲ್ದೊ ಸುರೊಕಾ ಮಿಶನ್ ಒಳಗೇ ಕೊಲೆಯಾದರು. ಆ ಕೊಲೆಯ ಹಿಂದೆ ಎಂಥ ಸಂಕಟ ಇದ್ದಿತೆಂದು ಊಹಿಸುವುದು ಕಷ್ಟವಲ್ಲ. ಪಾದ್ರಿಗಳ ಶ್ರದ್ಧೆಯನ್ನು ಹೊಗಳುವ ಬರಹಗಳು ಈ ಭಾಗವನ್ನು ದಾಟಿಹೋಗುತ್ತವೆ. ದಾಟಬಾರದು. ಈ ಕಣಿವೆಯ ಮೊದಲ ದ್ರಾಕ್ಷಿ ತೋಟ ನಿಂತದ್ದು ಆ ಜನರ ದುಡಿಮೆಯ ಮೇಲೆ.

ಡೊಮಿನಿಕನ್ನರ ಮಿಶನ್‌ಗಳಲ್ಲಿ ಕೊನೆಯವರೆಗೆ ಉಸಿರು ಹಿಡಿದದ್ದು ಸಾಂತೊ ತೊಮಾಸ್. 1849ರ ಹೊತ್ತಿಗೆ ಅದೂ ಖಾಲಿಯಾಯಿತು. ಹಿಂದಿನ ವರ್ಷವಷ್ಟೇ ಅಮೆರಿಕದೊಂದಿಗಿನ ಯುದ್ಧ ಮುಗಿದು ಉತ್ತರದ ಕ್ಯಾಲಿಫೋರ್ನಿಯಾ ಮೆಕ್ಸಿಕೊದ ಕೈತಪ್ಪಿತ್ತು. ಪರ್ಯಾಯ ದ್ವೀಪದ ಉತ್ತರ ಭಾಗ ದಿಢೀರನೆ ಗಡಿನಾಡಾಯಿತು, ಅದರ ಆಡಳಿತ ಕೇಂದ್ರ ಇದೇ ಸಾಂತೊ ತೊಮಾಸ್ ಆಯಿತು. 1870ರಲ್ಲಿ ರೆಯಾಲ್ ದೆಲ್ ಕಸ್ತಿಯೊದಲ್ಲಿ ಚಿನ್ನ ಸಿಕ್ಕ ಮೇಲೆ ಆಡಳಿತ ಅಲ್ಲಿಗೆ ಹೋಯಿತು. 1882ರಲ್ಲಿ ಎನ್ಸೆನಾಡಾ ಬಂದರಿಗೆ ಇಳಿಯಿತು. ಪಾದ್ರಿಗಳೂ ಅಧಿಕಾರಿಗಳೂ ಬಿಟ್ಟುಹೋದ ಕಣಿವೆಯಲ್ಲಿ ಉಳಿದದ್ದು ಮಣ್ಣಿನ ಮೋಟುಗೋಡೆಗಳು ಮತ್ತು ಬಳ್ಳಿಗಳು.

ಆ ಬಳ್ಳಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅಲ್ಲಿಯವರು ಅದನ್ನು ಮಿಸಿಯೊನ್ ಎನ್ನುತ್ತಾರೆ, ಮಿಶನ್ ದ್ರಾಕ್ಷಿ. ಚಿಲಿಯಲ್ಲಿ ಅದೇ ಪಾಯಿಸ್, ಅರ್ಜೆಂಟೀನಾದಲ್ಲಿ ಕ್ರಿಯೊಯಾ ಚಿಕಾ. ಇದರ ಮೂಲ ಯಾವುದೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಸ್ಪೇನಿನ ಸಂಶೋಧಕರು ಡಿಎನ್‌ಎ ಪರೀಕ್ಷೆ ನಡೆಸಿ, ಇದು ಲಿಸ್ತಾನ್ ಪ್ರಿಯೆತೊ ಎಂಬ ಹಳೆಯ ಸ್ಪ್ಯಾನಿಷ್ ತಳಿ ಎಂದು ಈ ಶತಮಾನದಲ್ಲಿ ಗುರುತಿಸಿದರು. ತಾಯ್ನೆಲದಲ್ಲಿ ಹೆಚ್ಚುಕಡಿಮೆ ಅಳಿದುಹೋಗಿ ಕೆನರಿ ದ್ವೀಪಗಳಲ್ಲಷ್ಟೇ ಉಳಿದಿದ್ದ ತಳಿ ಅದು. ಗೊನೆ ದೊಡ್ಡದು, ಸಡಿಲ. ಸಕ್ಕರೆ ಚೆನ್ನಾಗಿ ಕೂಡುತ್ತದೆ, ಬಣ್ಣ ತೆಳು, ಹುಳಿ ಕಡಿಮೆ. ಉತ್ತಮ ವೈನಿಗೆ ಬೇಕಾದ ಗುಣಗಳನ್ನು ಎಣಿಸುವವರು ಇದಕ್ಕೆ ಹೆಚ್ಚು ಅಂಕ ಕೊಡುವುದಿಲ್ಲ. ಆದರೆ ಚಪ್ಪರ, ತಂತಿಗಳ ಆಸರೆಯಿಲ್ಲದೆ ಕುಳ್ಳ ಪೊದೆಯಾಗಿ ನಿಂತು, ಒಂದು ಮಳೆಗಾಲದ ತೇವದಲ್ಲಿ ಇಡೀ ಬೇಸಿಗೆ ಕಳೆಯುವ ತಾಕತ್ತು ಇದಕ್ಕಿದೆ. ನಮ್ಮ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ರೈತರು ಬೆಂಗಳೂರು ನೀಲಿಯನ್ನು ಹೇಗೆ ನಂಬಿದರೋ ಆ ಜನ ಮಿಸಿಯೊನ್ ದ್ರಾಕ್ಷಿಯನ್ನು ಹಾಗೆ ನಂಬಿದರು. ನಮ್ಮ ನೀಲಿಯನ್ನೂ ವೈನ್ ಪಂಡಿತರು ಒಪ್ಪಿದ್ದು ಕಡಿಮೆ. ರೈತನನ್ನು ಕೈಬಿಡದ ತಳಿಗೆ ತನ್ನದೇ ಗೌರವ ಸಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ.

1888ರಲ್ಲಿ ಫ್ರಾನ್ಸಿಸ್ಕೊ ಆಂದೊನಾಯೆಗಿ ಮತ್ತು ಮಿಗೆಲ್ ಒರ್ಮಾರ್ಟ್ ಎಂಬಿಬ್ಬರು ಸಾಂತೊ ತೊಮಾಸ್ ಕಣಿವೆಯಲ್ಲಿ ಮಾರಾಟಕ್ಕೆಂದೇ ವೈನ್ ತಯಾರಿಸುವ ಸಂಸ್ಥೆ ತೆರೆದರು. ಮೆಕ್ಸಿಕೊದ ಒಳನಾಡಿನಲ್ಲಿ, ಪಾರ್ರಾಸ್‌ನಲ್ಲಿ, 1597ರಷ್ಟು ಹಿಂದೆಯೇ ವೈನರಿ ಇತ್ತು. ಆದರೆ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಪೂಜೆಗೂ ಮನೆಬಳಕೆಗೂ ಮೀರಿ ವೈನನ್ನು ಒಂದು ಉದ್ಯಮವಾಗಿಸಿದವರು ಇವರೇ ಮೊದಲು. ಆಗಿನ ಪರಿಸ್ಥಿತಿ ನೆನೆದರೆ ಅದೊಂದು ದೊಡ್ಡ ಧೈರ್ಯ. ದೇಶದ ರಾಜಧಾನಿಗೂ ಈ ಕಣಿವೆಗೂ ನಡುವೆ ಸಾವಿರಾರು ಕಿಲೊಮೀಟರ್ ದೂರ, ಒಂದು ಕೊಲ್ಲಿ, ಒಂದು ಮರುಭೂಮಿ. ರೈಲಿಲ್ಲ. ಪರ್ಯಾಯ ದ್ವೀಪದ ಉದ್ದಕ್ಕೂ ಹೋಗುವ ಡಾಂಬರು ಹೆದ್ದಾರಿ ಪೂರ್ತಿಯಾದದ್ದು 1973ರಲ್ಲಿ. ಅಲ್ಲಿಂದ ಸರಕು ಹೋಗುವುದಿದ್ದರೆ ಬಂಡಿಯಲ್ಲಿ ಎನ್ಸೆನಾಡಾಕ್ಕೆ, ಅಲ್ಲಿಂದ ಹಡಗಿಗೆ. ಜೊತೆಗೆ ಸರ್ಕಾರದ ಹಳೆಯ ಅಸಡ್ಡೆಯೂ ಇತ್ತು. ಸ್ಪೇನಿನ ವೈನ್ ವ್ಯಾಪಾರಿಗಳಿಗೆ ನಷ್ಟವಾಗಬಾರದೆಂದು 1699ರಲ್ಲಿ ದೊರೆ ಎರಡನೇ ಕಾರ್ಲೋಸ್, ಚರ್ಚಿನ ಬಳಕೆಗೆ ಬಿಟ್ಟು ಉಳಿದಂತೆ ಮೆಕ್ಸಿಕೊದಲ್ಲಿ ವೈನ್ ತಯಾರಿಸಕೂಡದೆಂದು ಆಜ್ಞೆ ಹೊರಡಿಸಿದ್ದ. ಸ್ವಾತಂತ್ರ್ಯ ಬಂದ ಮೇಲೂ ಆ ಆಜ್ಞೆಯ ಪೆಟ್ಟಿನಿಂದ ಮೆಕ್ಸಿಕೊದ ದ್ರಾಕ್ಷಿ ಬೇಸಾಯ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಇಂಥ ಒಣ ಸೀಮೆಯಲ್ಲಿ ಒಳ್ಳೆಯ ದ್ರಾಕ್ಷಿ ಬರುವುದಾದರೂ ಹೇಗೆ? ಉತ್ತರ ಸಮುದ್ರದಲ್ಲಿದೆ. ಆ ಕರಾವಳಿಯಲ್ಲಿ ಉತ್ತರದಿಂದ ಬರುವ ತಣ್ಣನೆಯ ಪ್ರವಾಹ ಹರಿಯುತ್ತದೆ. ಅರಬ್ಬೀ ಸಮುದ್ರದಂತೆ ಅದು ಬೆಚ್ಚಗಿಲ್ಲ. ನಡುಬೇಸಿಗೆಯಲ್ಲೂ ನೀರಿಗಿಳಿದರೆ ಮೈ ನಡುಗುತ್ತದೆ. ತಣ್ಣೀರಿನ ಮೇಲಿನ ಗಾಳಿ ಮೋಡವಾಗಿ ಮಳೆ ಸುರಿಸುವುದಿಲ್ಲ, ಮಂಜಾಗಿ ತೇಲಿಬರುತ್ತದೆ. ಸಾಂತೊ ತೊಮಾಸ್ ಕಣಿವೆ ಪಶ್ಚಿಮಕ್ಕೆ, ಸಾಗರದತ್ತ ತೆರೆದಿದೆ. ಹಗಲು ಬಿಸಿಲು ಸುಟ್ಟರೂ ಸಂಜೆಗೆ ಕಡಲ ಗಾಳಿ ಬೀಸುತ್ತದೆ, ರಾತ್ರಿ ತಂಪಾಗುತ್ತದೆ, ಬೆಳಗಿನ ಜಾವ ಮಂಜು ಬಳ್ಳಿಗಳ ಮೇಲೆ ಕೂರುತ್ತದೆ. ರಾತ್ರಿ ತಂಪಾದರೆ ಹಣ್ಣಿನ ಹುಳಿ ಕರಗಿಹೋಗುವುದಿಲ್ಲ. ಸಕ್ಕರೆ ಆತುರಪಡದೆ ಕೂಡುತ್ತದೆ. ಸಿಪ್ಪೆಯಲ್ಲಿ ಬಣ್ಣ, ಪರಿಮಳ ಕಟ್ಟುತ್ತವೆ. ಇನ್ನೊಂದು ಅನುಕೂಲವನ್ನು ವಿಜಯಪುರದವರು ಕೇಳಿದರೆ ಹೊಟ್ಟೆಕಿಚ್ಚು ಪಟ್ಟಾರು: ಬಳ್ಳಿ ಚಿಗುರಿ, ಹೂವಾಗಿ, ಕಾಯಿ ಹಣ್ಣಾಗುವ ತನಕ ಮಳೆಯೇ ಇಲ್ಲ. ಅಕ್ಟೋಬರ್ ಚಾಟ್ನಿ ಮುಗಿಸಿ, ಅಕಾಲದ ಮಳೆಗೆ ಡೌನಿ ರೋಗ ತಗಲೀತೆಂದು ರಾತ್ರಿಯೆಲ್ಲ ಆಕಾಶ ನೋಡುವ ನಮ್ಮವರ ಸಂಕಟ ಅಲ್ಲಿಲ್ಲ.

ಅವರ ಸಂಕಟ ನೆಲದೊಳಗಿನದು. ಮಳೆ ಕಡಿಮೆಯಾದ್ದರಿಂದ ಮಣ್ಣಿನ ಉಪ್ಪು ತೊಳೆದುಹೋಗುವುದಿಲ್ಲ. ಕೊಳವೆಬಾವಿಯಿಂದ ನೀರೆತ್ತಿದಷ್ಟೂ ಕೆಳಗಿನ ನೀರು ಸವುಳಾಗುತ್ತದೆ. ಆ ಸೀಮೆಯ ಕೆಲವು ವೈನ್‌ಗಳಲ್ಲಿ ಸಣ್ಣಗೆ ಉಪ್ಪಿನ ರುಚಿ ಸಿಗುವುದಕ್ಕೆ ಇದೇ ಕಾರಣ ಎನ್ನುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಪಡ ಉಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಗೆ ಹೊಸಬರು ಬಂದರು. ರಷ್ಯದಲ್ಲಿ ಧರ್ಮದ ಕಾರಣಕ್ಕೆ ಕಿರುಕುಳ ಅನುಭವಿಸಿದ ಮೊಲೊಕನ್ ಪಂಥದ ಸುಮಾರು ನೂರು ಕುಟುಂಬಗಳು 1905ರ ಸುಮಾರಿಗೆ ಎನ್ಸೆನಾಡಾದ ಉತ್ತರಕ್ಕಿರುವ ಗ್ವಾದಲುಪೆ ಕಣಿವೆಯಲ್ಲಿ ಭೂಮಿ ಕೊಂಡು ನೆಲೆಸಿದವು. ಅವರು ಮದ್ಯ ಮುಟ್ಟದ ಜನ. ಮೊದಲು ಗೋಧಿ ಬೆಳೆದರು, ಬರಬರುತ್ತ ದ್ರಾಕ್ಷಿಗೂ ಕೈಹಾಕಿದರು. ಇಂದು ಮೆಕ್ಸಿಕೊದ ವೈನ್ ಎಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಗ್ವಾದಲುಪೆ ಕಣಿವೆ.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಗಡಿ ದಾಟಿದರೆ ತಿಹುಆನಾ, ಅಲ್ಲಿಂದ ನೂರು ಕಿಲೊಮೀಟರ್ ಕೆಳಗೆ ಎನ್ಸೆನಾಡಾ. ಕುಡಿಯಲು ಬರುವವರ ಸಾಲು ನಿಂತಿತು. ಇಟಲಿಯಿಂದ ಬಂದ ಆಂಜೆಲೊ ಚೆತ್ತೊ 1928ರಲ್ಲಿ ತಿಹುಆನಾದಲ್ಲಿ ವೈನ್ ವ್ಯಾಪಾರ ಶುರುಮಾಡಿದ್ದು ಈ ಅಬ್ಬರದ ನಡುವೆ. ಆತನ ಮನೆತನದ್ದೇ ಇಂದಿನ ಎಲ್. ಎ. ಚೆತ್ತೊ ಎಂಬ ದೊಡ್ಡ ಸಂಸ್ಥೆ. ಸಾಂತೊ ತೊಮಾಸ್ ಕೂಡ ಈ ಅವಧಿಯಲ್ಲಿ ಪ್ರಬಲರೊಬ್ಬರ ಕೈಗೆ ಬಂತು. ಮೆಕ್ಸಿಕೊದ ಕ್ರಾಂತಿಯಲ್ಲಿ ಹೋರಾಡಿ ಸೇನಾನಿಯಾದ, 1920ರ ದಶಕದಲ್ಲಿ ಉತ್ತರ ಬಾಹಾದ ಆಡಳಿತ ನಡೆಸಿದ, 1932ರಿಂದ 1934ರವರೆಗೆ ಮೆಕ್ಸಿಕೊದ ರಾಷ್ಟ್ರಾಧ್ಯಕ್ಷನೂ ಆಗಿದ್ದ ಅಬೆಲಾರ್ದೊ ರೊದ್ರಿಗೆಸ್ ಅದರ ಒಡೆಯನಾದ. ಅಧಿಕಾರದಲ್ಲಿದ್ದುಕೊಂಡೇ ಉದ್ಯಮಗಳನ್ನು ಕೂಡಿಹಾಕಿದ ಮನುಷ್ಯ ಎಂಬ ಆಕ್ಷೇಪ ಆತನ ಮೇಲಿದೆ, ಅದು ಸುಳ್ಳಲ್ಲ. ಆದರೂ ಸಂಸ್ಥೆಯ ಚರಿತ್ರೆಯಲ್ಲಿ ಆತನ ಕಾಲದ ಒಂದು ನಿರ್ಧಾರ ದೊಡ್ಡದು. 1934ರಲ್ಲಿ ವೈನರಿ ಕಣಿವೆಯಿಂದ ಎನ್ಸೆನಾಡಾ ಪಟ್ಟಣದ ಮಿರಾಮಾರ್ ಬೀದಿಗೆ ಬಂತು. ಬಳ್ಳಿ ಕಣಿವೆಯಲ್ಲಿ, ಪೀಪಾಯಿ ಬಂದರಿನಲ್ಲಿ. ಪಟ್ಟಣದ ನಡುವೆ ಎದ್ದ ಆ ಕಟ್ಟಡಗಳಿಂದಾಗಿ, ಸುಗ್ಗಿಯ ದಿನಗಳಲ್ಲಿ ಎನ್ಸೆನಾಡಾದವರಿಗೆ ದ್ರಾಕ್ಷಿ ಹುದುಗುವ ವಾಸನೆ ತಮ್ಮ ಊರಿನದೇ ವಾಸನೆಯಾಯಿತು.

ಅಷ್ಟರಲ್ಲಿ ಅಮೆರಿಕದ ಪಾನನಿಷೇಧ ರದ್ದಾಗಿತ್ತು. ಗಡಿಯ ಆಚೆಯಿಂದ ಬರುತ್ತಿದ್ದ ಗಿರಾಕಿ ಮಾಯವಾದ. ಇನ್ನು ಮೆಕ್ಸಿಕೊದವರಿಗೇ ವೈನ್ ಮಾರಬೇಕು. ಅವರೋ ಪುಲ್ಕೆ, ತೆಕಿಲಾ, ಬಿಯರ್ ಬಿಟ್ಟು ಇದರ ಕಡೆ ತಿರುಗಿ ನೋಡದ ಜನ. ಇವತ್ತಿಗೂ ಅಲ್ಲಿ ತಲಾ ಬಳಕೆ ವರ್ಷಕ್ಕೆ ಒಂದು ಲೀಟರಿನ ಆಸುಪಾಸು. ಶತಮಾನದ ನಡುವಿನ ದಶಕಗಳಲ್ಲಿ ದೇಶದ ವೈನ್ ದ್ರಾಕ್ಷಿಯ ಬಹುಪಾಲು ಬ್ರಾಂದಿ ಭಟ್ಟಿಗೆ ಹೋಯಿತು. ಆ ಹೊತ್ತಿನಲ್ಲಿ ವೈನನ್ನೇ ಹಿಡಿದು ನಿಂತದ್ದು ಸಾಂತೊ ತೊಮಾಸ್‌ನ ಮೊದಲ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ.

ಹಾಗೆ ನಿಲ್ಲಿಸಿದವರು ಒಡೆಯರಿಗಿಂತ ಹೆಚ್ಚಾಗಿ ವೈನ್ ತಯಾರಕರು. ಇಟಲಿಯಿಂದ ಬಂದ ಎಸ್ತೆಬಾನ್ ಫೆರ್ರೊ ಯುರೋಪಿನ ತಳಿಗಳನ್ನು ಕಣಿವೆಗೆ ತಂದು ಮಿಸಿಯೊನ್ ಪಕ್ಕದಲ್ಲಿ ನೆಡಿಸಿದರು. 1960ರ ದಶಕದಲ್ಲಿ ಸಂಸ್ಥೆ ಎಲಿಯಾಸ್ ಪಾಂದೊ ವ್ಯಾಪಾರಿ ಮನೆತನಕ್ಕೆ ಸೇರಿತು. ಅದೇ ದಶಕದಲ್ಲಿ ದಿಮಿತ್ರಿ ಚೆಲಿಶ್ಚೆಫ್ ಬಂದರು. ಇವರ ತಂದೆ ಆಂದ್ರೆ ಚೆಲಿಶ್ಚೆಫ್ ರಷ್ಯ ಬಿಟ್ಟು ಬಂದು, ಅಮೆರಿಕದ ನಾಪಾ ಕಣಿವೆಯ ವೈನಿಗೆ ಹೊಸ ಶಾಸ್ತ್ರ ಕಲಿಸಿದವರು. ಮಗ ಆ ಶಾಸ್ತ್ರವನ್ನು ಗಡಿಯ ಈಚೆಗೆ ತಂದರು.

ದಿಮಿತ್ರಿ ತಂದ ಬದಲಾವಣೆಗಳಲ್ಲಿ ಮುಖ್ಯವಾದದ್ದು ತಣ್ಣನೆಯ ಹುದುಗುವಿಕೆ. ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುವಾಗ ಶಾಖ ಹುಟ್ಟುತ್ತದೆ. ಬಿಸಿ ನಾಡಿನಲ್ಲಿ, ದೊಡ್ಡ ತೊಟ್ಟಿಯಲ್ಲಿ, ಆ ಶಾಖ ಏರುತ್ತಲೇ ಹೋಗಿ 35 ಡಿಗ್ರಿ ದಾಟಿದರೆ ಯೀಸ್ಟ್ ಸೋಲುತ್ತದೆ. ಸಕ್ಕರೆ ಅರ್ಧಕ್ಕೇ ಉಳಿದು ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಇಡೀ ತೊಟ್ಟಿ ಕೆಡುತ್ತದೆ. ಕೆಡದಿದ್ದರೂ ಹಣ್ಣಿನ ಪರಿಮಳ ಆವಿಯಾಗಿ ಹೋಗಿ, ಬೇಯಿಸಿದ ಹಣ್ಣಿನ ವಾಸನೆ ಕೂರುತ್ತದೆ. ತೊಟ್ಟಿಯನ್ನು ತಂಪಾಗಿಟ್ಟು ನಿಧಾನವಾಗಿ ಹುದುಗಿಸಿದರೆ, ಅದರಲ್ಲೂ ಬಿಳಿ ವೈನಿಗೆ, ಹಣ್ಣಿನ ಗುಣ ಲೋಟದವರೆಗೂ ಉಳಿಯುತ್ತದೆ. ನಂದಿಬೆಟ್ಟದಿಂದ ವಿಜಯಪುರದವರೆಗೆ ಯಾವ ವೈನರಿಗೆ ಹೋದರೂ ತಂಪು ನೀರಿನ ಕವಚ ತೊಟ್ಟ ಸ್ಟೀಲ್ ಟ್ಯಾಂಕುಗಳು ಕಾಣುವುದು ಇದಕ್ಕಾಗಿಯೇ. ಇದಲ್ಲದೆ ಕೆಂಪು ವೈನನ್ನು ಚಿಕ್ಕ ಓಕ್ ಪೀಪಾಯಿಗಳಲ್ಲಿ ಹಣ್ಣಾಗಿಸುವ ಪದ್ಧತಿಯನ್ನೂ ಅವರು ರೂಢಿಗೆ ತಂದರು. 1970ರ ದಶಕದ ಕೊನೆಯ ಭಾಗದವರೆಗೆ ಅವರು ಅಲ್ಲಿದ್ದರು. ಒಬ್ಬ ತಂತ್ರಜ್ಞ ಒಂದೇ ನೆಲದಲ್ಲಿ ಹದಿನೈದು ವರ್ಷದಷ್ಟು ಕಾಲ ನಿಂತರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1986ರಲ್ಲಿ ಮೆಕ್ಸಿಕೊ ಗ್ಯಾಟ್ ಒಪ್ಪಂದಕ್ಕೆ ಸೇರಿತು. ಸುಂಕದ ಗೋಡೆ ಕುಸಿದು ಯುರೋಪಿನ ಅಗ್ಗದ ವೈನ್ ಒಳಹರಿಯಿತು. ಎಷ್ಟೋ ಹಳೆಯ ವೈನರಿಗಳು ಬಾಗಿಲು ಹಾಕಿದವು, ರೈತರು ಬಳ್ಳಿ ಕಿತ್ತರು. ಸಾಂತೊ ತೊಮಾಸ್ ಬೇರೆ ದಾರಿ ಹಿಡಿಯಿತು: ಕಡಿಮೆ ತಯಾರಿಸು, ಒಳ್ಳೆಯದನ್ನು ತಯಾರಿಸು. ಫ್ರಾನ್ಸಿನಲ್ಲಿ ಕಲಿತು ಬಂದಿದ್ದ ಊಗೊ ದಕೋಸ್ತಾ ಎಂಬ ಯುವಕ ಆ ಹೊಣೆ ಹೊತ್ತರು. ಅವರ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಲಿವರ್ಮೋರ್ ಕಣಿವೆಯ ವೆಂಟೆ ಮನೆತನದೊಂದಿಗೆ ಸೇರಿ, ಎರಡೂ ದೇಶಗಳ ದ್ರಾಕ್ಷಿ ಬೆರೆಸಿದ ದುಯೆತ್ತೊ ಎಂಬ ವೈನ್ ಹೊರಬಂತು. ಗಡಿಯ ಎರಡೂ ಬದಿಯ ದ್ರಾಕ್ಷಿ ಒಂದೇ ಬಾಟಲಿಯಲ್ಲಿ ಕೂತದ್ದು, ಗಡಿಗೆ ಬೇಲಿ ಬಿಗಿಯಾಗುತ್ತಿದ್ದ ಆ ದಿನಗಳಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ದಕೋಸ್ತಾ ಆಮೇಲೆ ಸ್ವಂತ ವೈನರಿ ಕಟ್ಟಿದರು. 2004ರಲ್ಲಿ ಗ್ವಾದಲುಪೆ ಕಣಿವೆಯ ಎಲ್ ಪೊರ್ವೆನೀರ್ ಹಳ್ಳಿಯಲ್ಲಿ, ಹಳೆಯ ಎಣ್ಣೆಗಾಣದ ಜಾಗದಲ್ಲಿ, ಒಂದು ಕಲಿಕಾಶಾಲೆ ತೆರೆದರು. ಊರವರು ಅದನ್ನು ಪ್ರೀತಿಯಿಂದ ಲಾ ಎಸ್ಕುಯೆಲಿತಾ, ಪುಟ್ಟ ಶಾಲೆ, ಎನ್ನುತ್ತಾರೆ. ತಮ್ಮ ಹಣ್ಣನ್ನು ದೊಡ್ಡ ಕಂಪನಿಗಳಿಗೆ ಅವರು ಹೇಳಿದ ದರಕ್ಕೆ ಮಾರುತ್ತಿದ್ದ ಸಣ್ಣ ರೈತರು ಅಲ್ಲಿ ತಮ್ಮ ದ್ರಾಕ್ಷಿಯಿಂದ ತಾವೇ ವೈನ್ ಮಾಡುವುದನ್ನು ಕಲಿತರು. 1980ರ ದಶಕದಲ್ಲಿ ಬೆರಳೆಣಿಕೆಯಷ್ಟಿದ್ದ ವೈನರಿಗಳು ಈಗ ಆ ಕರಾವಳಿಯಲ್ಲಿ ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಅನೇಕರ ಮೊದಲ ಪಾಠ ಆ ಶಾಲೆಯಲ್ಲಾಯಿತು. ಸಾಂತೊ ತೊಮಾಸ್‌ನಲ್ಲಿ ದಕೋಸ್ತಾ ಬಿಟ್ಟ ಜಾಗಕ್ಕೆ ಬಂದವರು ಲಾರಾ ಸಮೋರಾ, ಅದೇ ಸಂಸ್ಥೆಯ ಒಳಗೇ ಬೆಳೆದವರು, ಮೆಕ್ಸಿಕೊದ ವೈನ್ ಉದ್ಯಮದಲ್ಲಿ ಮುಖ್ಯ ತಯಾರಕಿಯ ಸ್ಥಾನಕ್ಕೇರಿದ ಮೊದಲ ಮಹಿಳೆಯರಲ್ಲೊಬ್ಬರು. ಈ ಸಂಸ್ಥೆಯ ನಿಜವಾದ ಹಿರಿತನ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅದರ ಬಾಟಲಿಗಳಿಗಿಂತ ಒಳ್ಳೆಯ ಬಾಟಲಿಗಳು ಇಂದು ಅದೇ ಸೀಮೆಯಲ್ಲಿ ಸಿಗಬಹುದು. ಆದರೆ ಅವನ್ನು ತಯಾರಿಸಿದವರಲ್ಲಿ ಬಹಳ ಮಂದಿಯ ವಿದ್ಯೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ, ಎಲ್ಲೋ ಒಂದು ಕಡೆ ಮಿರಾಮಾರ್ ಬೀದಿಯ ಹಳೆಯ ಕಟ್ಟಡ ಸಿಗುತ್ತದೆ.

ಈ ಚರಿತ್ರೆಯನ್ನು ಓದುತ್ತ ಒಂದು ಕೊರತೆ ನನ್ನನ್ನು ಕಾಡಿತು. ಒಡೆಯರ ಹೆಸರುಗಳಿವೆ, ತಯಾರಕರ ಹೆಸರುಗಳಿವೆ. 1791ರಲ್ಲಿ ಮೊದಲ ಬಳ್ಳಿಗೆ ನೀರೆರೆದ ಪೈಪೈ ಹೆಂಗಸಿನ ಹೆಸರಿಲ್ಲ. ದೂರದ ಓಆಹಾಕಾ ಸೀಮೆಯಿಂದ ಬಾಹಾದ ಹೊಲತೋಟಗಳಿಗೆ ದುಡಿಯಲು ಬಂದ ಮಿಸ್ತೆಕ್, ತ್ರಿಕಿ ಕುಟುಂಬಗಳ ಹೆಸರುಗಳೂ ಇಂಥ ಚರಿತ್ರೆಗಳಲ್ಲಿ ಸಿಗುವುದಿಲ್ಲ. ನಮ್ಮಲ್ಲೂ ಹಾಗೇ ಆಗುತ್ತಿದೆ. ನಮ್ಮ ವೈನ್ ನೀತಿ 2007ರದ್ದು. ಅದರ ಆಸುಪಾಸಿನಲ್ಲಿ ವೈನ್ ತಳಿ ನೆಟ್ಟ ಮೊದಲ ರೈತರು, ಚಾಟ್ನಿ ಮಾಡಿದ ಮೊದಲ ಕೈಗಳು, ಗೊನೆ ಕೊಯ್ದ ಹೆಣ್ಣುಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಸಂಚಿಕೆ ಓದುತ್ತಿರುವ ಬೆಳೆಗಾರರಲ್ಲಿ, ವೈನರಿ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯ ಅಟ್ಟದಲ್ಲಿ ಮೊದಲ ವರ್ಷದ ಲೆಕ್ಕದ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಯಾವ ತಿಂಗಳು ಚಾಟ್ನಿ ಆಯಿತು, ಬಾವಿ ಎಷ್ಟು ಅಡಿಗೆ ಹೋಯಿತು, ಎಷ್ಟು ಟನ್ ಬಂತು, ಯಾರು ಯಾರು ಕೆಲಸಕ್ಕೆ ಬಂದರು, ಅವರ ಹೆಸರೇನು, ಊರು ಯಾವುದು, ಇವನ್ನು ಈ ಸುಗ್ಗಿಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.